ಮುರಿದವರು ಯಾರು?

ಅರಸೀಕೆರೆಯಲ್ಲಿ ರೈಲು ಇಳಿದಾಗ ಬೆಳಗಿನ ಎಂಟೂವರೆ. ಬೆಂಗಳೂರು–ಹುಬ್ಬಳ್ಳಿ ಹಾದಿಯಲ್ಲಿ ಓಡಾಡುವವರಿಗೆ ಈ ಜಂಕ್ಷನ್ ಎಂದರೆ ಕಾಫಿ ಕುಡಿಯುವ, ಹಾಸನದ ಕಡೆಗೆ ಗಾಡಿ ಬದಲಿಸುವ ತಾಣ ಅಷ್ಟೆ. ನನಗೆ ಇದು ಅಕ್ಕನ ಊರು. ಈ ಸಲ ಹೋದದ್ದು ಹಬ್ಬಕ್ಕಲ್ಲ, ಪಂಚಾಯ್ತಿಗೆ. ಅಕ್ಕನ ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ. ಮುಂದೆ ಅಪರಾಧಶಾಸ್ತ್ರ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಭಾವ ಕೂಡದು ಎನ್ನುತ್ತಿದ್ದಾರೆ. "ನೀವೇ ಬಂದು ಬುದ್ಧಿ ಹೇಳಿ" ಎಂದು ಮಗಳೂ, "ನೀನೇ ಬಂದು ಬುದ್ಧಿ ಹೇಳಯ್ಯ" ಎಂದು ಅಪ್ಪನೂ ಫೋನು ಮಾಡಿದ್ದರು. ಬುದ್ಧಿ ಯಾರಿಗೆ ಹೇಳಬೇಕು ಎಂಬುದರಲ್ಲಿ ಮಾತ್ರ ಅವರಿಬ್ಬರಿಗೆ ಭಿನ್ನಾಭಿಪ್ರಾಯವಿತ್ತು.

ಭಾವನದು ಕೊಬ್ಬರಿ ವ್ಯಾಪಾರ. ಅರಸೀಕೆರೆ, ತಿಪಟೂರು ಸೀಮೆಯ ಉಂಡೆ ಕೊಬ್ಬರಿಯ ಹೆಸರು ಕೇಳದವರು ಕಡಿಮೆ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಅಲುಗಿಸಿದರೆ ಚಿಪ್ಪಿನೊಳಗೆ ಗುಡುಗುಡು ಸದ್ದಾಗಬೇಕು. ಅಲ್ಲಿಯವರೆಗೆ ಕೈ ಹಾಕುವಂತಿಲ್ಲ. ಕಾಯಿಯ ವಿಷಯದಲ್ಲಿ ಇಷ್ಟು ತಾಳ್ಮೆಯಿರುವ ಭಾವನಿಗೆ ಮಗಳ ವಿಷಯದಲ್ಲಿ ತಾಳ್ಮೆಯಿರಲಿಲ್ಲ.

"ಕಳ್ಳರ ಸುದ್ದಿ ಓದೋಕೆ ಯೂನಿವರ್ಸಿಟಿ ಯಾಕೆ? ದಿನಾ ಪೇಪರ್ ಬರುತ್ತಲ್ಲ! ನಾಳೆ ಗಂಡಿನ ಕಡೆಯವರು ಹುಡುಗಿ ಏನು ಓದಿದ್ದಾಳೆ ಅಂದ್ರೆ ಏನು ಹೇಳ್ಲಿ?" ಎಂದರು. ಮಾತು ಅಲ್ಲಿಂದ ಹೋದ ವರ್ಷ ತಮ್ಮ ಅಟ್ಟದಿಂದ ನಾಲ್ಕು ಮೂಟೆ ಕೊಬ್ಬರಿ ಕಳುವಾದ ಸಂಗತಿಗೆ ಹೊರಳಿತು. "ನಾನು ಯಾವ ಶಾಸ್ತ್ರಾನೂ ಓದಿಲ್ಲ. ಯಾರ ಮೇಲೆ ಅನುಮಾನ ಪಡಬೇಕು ಅಂತ ನನಗೆ ಗೊತ್ತಿತ್ತು. ಕೆರೆ ಹತ್ತಿರ ಡೇರೆ ಹಾಕಿದ್ರಲ್ಲ ಅಲೆಮಾರಿಗಳು, ಸೀದಾ ಅವರ ಹೆಸರೇ ಹೇಳ್ದೆ."

ಮಗಳು ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು. ಅಷ್ಟರಲ್ಲಿ ಅಕ್ಕ ಒಳಗಿನಿಂದ, "ಮಾತಾಡೋದೆಲ್ಲ ಕಾರಲ್ಲಿ ಮಾತಾಡಿ. ಚೆನ್ನಕೇಶವನಿಗೆ ಹರಕೆ ಹೊತ್ತು ವರ್ಷ ಆಯ್ತು. ಬುತ್ತಿ ಕಟ್ಟಿದ್ದೀನಿ, ಬೇಲೂರಿಗೆ ಹೊರಡಿ" ಎಂದಳು. ಹೀಗೆ ನಮ್ಮ ಪಂಚಾಯ್ತಿ ಕಟ್ಟೆಯಿಂದ ಕಾರಿಗೆ ಏರಿತು.

ಮೂರು ಸೇರಿದರೆ ಕಳವು

ಊರು ಬಿಡುವ ಮೊದಲು ಶಿವಾಲಯಕ್ಕೆ ಹೋದೆವು. ಅರಸಿಯ ಕೆರೆಯೇ ಅರಸೀಕೆರೆ ಆಯಿತೆಂಬುದು ಊರವರಿಗೆಲ್ಲ ಗೊತ್ತು. ಸುಮಾರು ೧೨೨೦ರಲ್ಲಿ ಕಟ್ಟಿದ ಈ ಈಶ್ವರ ದೇವಾಲಯವನ್ನು ನೋಡಲೆಂದೇ ಬರುವವರು ಮಾತ್ರ ಕಡಿಮೆ. ಬೇಲೂರು ಹಳೇಬೀಡುಗಳ ಕೀರ್ತಿ ಇದನ್ನು ಮರೆಮಾಡಿದೆ. ಮುಂದಿನ ನಕ್ಷತ್ರಾಕಾರದ ತೆರೆದ ಮಂಟಪದಲ್ಲಿ ಕೂತು ತಲೆಯೆತ್ತಿದರೆ ಗುಮ್ಮಟದಂಥ ಚಾವಣಿ ಕಾಣುತ್ತದೆ. ಆ ಹೊತ್ತಿನಲ್ಲಿ ನಾವು ನಾಲ್ವರನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಮಾವ, ಹೀಗೆ ಜನ ಇಲ್ಲದ ಒಂದು ಗುಡಿಯಿಂದ ವಿಗ್ರಹ ಕಾಣೆಯಾಯ್ತು ಅಂತಿಟ್ಕೊಳ್ಳಿ. ಮೊದಲು ಏನು ಕೇಳ್ತೀರಿ?"

"ಯಾರು ಕದ್ದರು ಅಂತ."

"ಎಲ್ಲರೂ ಅದನ್ನೇ ಕೇಳ್ತಾರೆ. ಇಲ್ಲೇ ಯಾಕೆ, ಈ ಹೊತ್ತಲ್ಲೇ ಯಾಕೆ ಅಂತ ಕೇಳಲ್ಲ."

ಆಮೇಲೆ ಅವಳು ಹೇಳಿದ್ದರ ಸಾರ ಇಷ್ಟು. ಅಮೆರಿಕದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಎಂಬಿಬ್ಬರು ೧೯೭೯ರಲ್ಲಿ ಒಂದು ಸರಳ ಮಾತು ಹೇಳಿದರು. ಕದಿಯುವ ಮನಸ್ಸಿನವನು, ಕದಿಯಲು ತಕ್ಕ ವಸ್ತು, ಕಾಯುವವರಿಲ್ಲದಿರುವುದು, ಈ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಕೂಡಿದಾಗ ಅಪರಾಧ ನಡೆಯುತ್ತದೆ. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಸಾಕು. ಕಳ್ಳನ ಮನಸ್ಸು ತಿದ್ದುವುದು ಕಷ್ಟ. ಗುಡಿಗೆ ದಿನಾ ದೀಪ ಹಚ್ಚಲು ಒಬ್ಬರು ಬರುವಂತೆ ಮಾಡುವುದು ಅಷ್ಟು ಕಷ್ಟವಲ್ಲ.

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಓಡಾಡಿದವರಿಗೆ ಇದರ ಅರ್ಥ ತಟ್ಟನೆ ಹೊಳೆಯುತ್ತದೆ. ಊರಾಚೆಯ ಪಾಳುಗುಡಿಗಳಲ್ಲಿ ನಿಧಿಯ ಆಸೆಗೆ ಅಗೆದ ಗುಂಡಿಗಳನ್ನು ನಮ್ಮ ನಾಡಿನಲ್ಲಿ ಎಷ್ಟು ಕಡೆ ನೋಡುವುದಿಲ್ಲ! ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು ೧೮೭೮ರಿಂದಲೇ ಇದೆ. ನಿಧಿಗಾಗಿ ಮಾಟ ಮಂತ್ರದ ಹೆಸರಿನಲ್ಲಿ ನಡೆಸುವ ಅಮಾನುಷ ಆಚರಣೆಗಳನ್ನು ಕರ್ನಾಟಕದ ೨೦೧೭ರ ಕಾಯ್ದೆ ನಿಷೇಧಿಸಿದೆ. ಕಾನೂನು ಇದ್ದೂ ಜನ ಯಾಕೆ ಅಗೆಯುತ್ತಾರೆ ಎಂಬುದು ಅಪರಾಧಶಾಸ್ತ್ರದ ಪ್ರಶ್ನೆ.

ಬಾಣಾವರ, ಜಾವಗಲ್ ಹಾದು ಹಳೇಬೀಡಿನ ದಾರಿ ಹಿಡಿದೆವು. ಜಾವಗಲ್ ಎಂದರೆ ಎಲ್ಲರಿಗೂ ಕ್ರಿಕೆಟಿಗನ ಹೆಸರು ನೆನಪಾಗುತ್ತದೆ. ಅಲ್ಲಿ ಹದಿಮೂರನೇ ಶತಮಾನದ ಲಕ್ಷ್ಮೀನರಸಿಂಹ ದೇವಾಲಯವೂ ಇದೆ. ದಾರಿಯಲ್ಲಿ ಭಾವನ ಮುಖ್ಯ ಪ್ರಶ್ನೆ ಬಂತು. "ಅಲ್ಲ, ಇದು ಪೊಲೀಸ್ ಕೆಲಸದ ಓದಾ?"

ಅಲ್ಲ. ಹೊರಗಿನಿಂದ ಒಂದೇ ಎಂದು ಕಾಣುವ ಇಲ್ಲಿ ಎರಡು ಓದುಗಳಿವೆ. ಜನ ತಪ್ಪು ಮಾಡುವುದೇಕೆ, ಯಾವುದನ್ನು ಸಮಾಜ ಅಪರಾಧ ಎನ್ನುತ್ತದೆ, ಶಿಕ್ಷೆಯಿಂದ ಏನಾಗುತ್ತದೆ, ನೊಂದವರ ಗತಿಯೇನು ಎಂದು ಕೇಳುವುದು ಅಪರಾಧಶಾಸ್ತ್ರ. ಬೆರಳಚ್ಚು, ರಕ್ತ, ವಿಷ, ಕೈಬರಹ, ಮಣ್ಣಿನ ಕಣ ಇವುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ನ್ಯಾಯಾಲಯಕ್ಕೆ ಹೇಳುವುದು ವಿಧಿವಿಜ್ಞಾನ. ಒಂದು ಸಮಾಜವಿಜ್ಞಾನ, ಇನ್ನೊಂದು ರಸಾಯನಶಾಸ್ತ್ರ, ಜೀವಶಾಸ್ತ್ರಗಳ ನೆಂಟ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎರಡನ್ನೂ ಜೋಡಿಸಿ ಕಲಿಸುವ ವಿಭಾಗಗಳೇ ಹೆಚ್ಚಾದ್ದರಿಂದ ಪೋಷಕರಿಗೆ ಗಲಿಬಿಲಿಯಾಗುವುದು ಸಹಜ.

ದ್ವಾರಸಮುದ್ರದಲ್ಲಿ ಆರೋಪಿಗಳು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಮುಂದೆ ಶಾಲಾ ಮಕ್ಕಳ ಗುಂಪು. ಒಬ್ಬ ಗೈಡ್ ಮೂಗಿಲ್ಲದ ಒಂದು ವಿಗ್ರಹ ತೋರಿಸಿ, "ಇದನ್ನೆಲ್ಲ ಮುರಿದವನು ಮಲ್ಲಿಕಾಫರ್" ಎಂದು ಹೇಳಿ ಮುಂದೆ ನಡೆದ. ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೇಸು ಅಲ್ಲಿಗೆ ಮುಗಿಯಿತು.

೧೩೧೧ರಲ್ಲಿ ದೆಹಲಿಯ ಸುಲ್ತಾನ ಅಲಾವುದ್ದೀನ್ ಖಿಲ್ಜಿಯ ದಂಡನಾಯಕ ಮಲ್ಲಿಕಾಫರ್ ದ್ವಾರಸಮುದ್ರದ ಮೇಲೆ ಬಿದ್ದದ್ದು ನಿಜ. ತುಘಲಕರ ಕಾಲದಲ್ಲಿ ಮತ್ತೆ ದಾಳಿಯಾದದ್ದೂ ನಿಜ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಹುಡುಗಿ ಗೋಡೆಯ ಹತ್ತಿರ ನಿಂತು ಬೇರೆ ಬೇರೆ ಮುರಿತಗಳನ್ನು ತೋರಿಸತೊಡಗಿದಳು. ಬಳಪದ ಕಲ್ಲು ಇದು. ಹಳೆಯ ಮುರಿತದ ಅಂಚು ಸವೆದು ಬಣ್ಣ ತಿರುಗಿರುತ್ತದೆ. ಹೊಸ ಮುರಿತದ ಅಂಚು ಚೂಪಾಗಿ, ಬಣ್ಣ ತಿಳಿಯಾಗಿರುತ್ತದೆ. ಉಳಿಯ ಏಟಿಗೆ ಗೆರೆ ಉಳಿಯುತ್ತದೆ. ಬಿದ್ದು ಒಡೆದದ್ದಕ್ಕೆ ಅಂಥ ಗೆರೆ ಇರುವುದಿಲ್ಲ. ಕೆಲವು ಕಡೆ ಯಾರೂ ಮುರಿದೇ ಇಲ್ಲ, ಶಿಲ್ಪಿ ಕೆತ್ತಿ ಮುಗಿಸಿಲ್ಲ. ೧೧೨೧ರ ಹೊತ್ತಿಗೆ ಆರಂಭವಾಗಿ ತಲೆಮಾರುಗಳ ಕಾಲ ಕೆಲಸ ನಡೆದರೂ ಈ ಗುಡಿ ಪೂರ್ತಿಯಾಗಲೇ ಇಲ್ಲ. "ಮೊದಲನೇ ಪಾಠ ಇದು ಮಾವ. ಅಪರಾಧಿ ಯಾರು ಅನ್ನೋದಕ್ಕೆ ಮುಂಚೆ, ಅಪರಾಧ ನಡೆದಿದೆಯಾ ಅಂತ ನೋಡಬೇಕು. ಬರೀ ಕಣ್ಣಿಗೆ ಕಂಡದ್ದೂ ಸಾಲದು, ಪರೀಕ್ಷೆ ಆಗಬೇಕು."

ಅಲ್ಲಿಂದ ಸ್ವಲ್ಪ ದೂರದ ಕೇದಾರೇಶ್ವರ ದೇವಾಲಯಕ್ಕೆ ಹೋದೆವು. ಎರಡನೇ ವೀರಬಲ್ಲಾಳ ಮತ್ತು ರಾಣಿ ಅಭಿನವ ಕೇತಲದೇವಿಯ ಕಾಲದ್ದು. ಇಂದು ನೋಡುವವರಿಗೆ ಮೇಲೆ ಶಿಖರವಿಲ್ಲ. ಅದನ್ನು ಕೆಡವಿದ್ದು ಯಾವ ದಂಡೂ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲೂ ಶಿಖರ ನಿಂತಿತ್ತು. ಕಲ್ಲಿನ ಸಂದಿಯಲ್ಲಿ ಬೇರುಬಿಟ್ಟ ಮರವೊಂದು ಬೆಳೆದು, ಬೇರಿನಿಂದಲೇ ಕಲ್ಲುಗಳನ್ನು ಕಿತ್ತು ಉರುಳಿಸಿತು. ಆ ಕಾಲದವರ ಬರಹಗಳಲ್ಲಿ ಈ ಸಂಗತಿ ದಾಖಲಾಗಿದೆ.

"ಅಂದ್ರೆ ಇಲ್ಲಿ ಆರೋಪಿ ಮರ?" ಎಂದರು ಭಾವ, ನಗುತ್ತ.

"ಮರ ಚಿಕ್ಕದಿದ್ದಾಗ ಕೀಳದೆ ಸುಮ್ಮನೆ ನೋಡಿದವರೂ ಇದ್ದಾರಲ್ಲ ಅಪ್ಪ."

ಭಾವ ನಗು ನಿಲ್ಲಿಸಿ ಮೇಲೆ ನೋಡಿದರು.

ಹೊಯ್ಸಳೇಶ್ವರದ ಬಳಿ ಇರುವ ಗರುಡಗಂಬವನ್ನು ಹೆಚ್ಚಿನ ಪ್ರವಾಸಿಗರು ಗಮನಿಸುವುದಿಲ್ಲ. ವೀರಬಲ್ಲಾಳನ ಅಂಗರಕ್ಷಕನಾಗಿದ್ದ ಕುವರ ಲಕ್ಷ್ಮ, ದೊರೆ ಸತ್ತಾಗ ಹೆಂಡತಿ ಮತ್ತು ಸಂಗಡಿಗರೊಡನೆ ಪ್ರಾಣ ಬಿಟ್ಟನೆಂದು ಅಲ್ಲಿನ ಶಾಸನ ಹೇಳುತ್ತದೆ. ಅಂದು ಅದು ಕಂಬ ನೆಟ್ಟು ಹೊಗಳುವ ತ್ಯಾಗ. ಮುಂದೆ ನಮ್ಮ ದಂಡಸಂಹಿತೆ ಬಂದಾಗ ಪ್ರಾಣ ಕಳೆದುಕೊಳ್ಳಲು ಯತ್ನಿಸುವುದೇ ಅಪರಾಧವಾಯಿತು. ೨೦೧೭ರ ಮಾನಸಿಕ ಆರೋಗ್ಯ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು, ಅವರಿಗೆ ಬೇಕಾದ್ದು ಆರೈಕೆ, ಶಿಕ್ಷೆಯಲ್ಲ ಎಂದಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಮೊದಲಿನ ರೂಪದಲ್ಲಿ ಉಳಿದಿಲ್ಲ. ಒಂದೇ ಸಂಗತಿ ಒಂದು ಕಾಲಕ್ಕೆ ತ್ಯಾಗ, ಒಂದು ಕಾಲಕ್ಕೆ ಅಪರಾಧ, ಇಂದು ಸಂಕಟ. ಫ್ರಾನ್ಸಿನ ಎಮಿಲ್ ಡರ್ಕ್‌ಹೈಮ್ ಗುಂಪಿಗಾಗಿ ಪ್ರಾಣ ಬಿಡುವ ಇಂಥ ಸಾವುಗಳ ಬಗ್ಗೆ ೧೮೯೭ರಲ್ಲೇ ಒಂದು ದೊಡ್ಡ ಗ್ರಂಥ ಬರೆದ. ನಮ್ಮ ಹಳೇಬೀಡಿನ ಕಂಬವನ್ನು ಅವನು ನೋಡಿರಲಾರ!

ಬುತ್ತಿಯ ಹೊತ್ತಿನ ಮಾತು

ಮರದ ನೆರಳಿನಲ್ಲಿ ಅಕ್ಕ ಚಿತ್ರಾನ್ನ, ಮೊಸರನ್ನ ಬಡಿಸಿದಳು. ಆಗ ಮಗಳು ಬೆಳಿಗ್ಗೆ ನುಂಗಿಕೊಂಡಿದ್ದ ಮಾತನ್ನು ಹೊರಗೆ ಹಾಕಿದಳು.

"ಅಪ್ಪ, ಕೊಬ್ಬರಿ ಕದ್ದವನು ಯಾರು ಅಂತ ಆಮೇಲೆ ಗೊತ್ತಾಯ್ತಲ್ಲ, ಅದನ್ನು ಮಾವನಿಗೆ ಹೇಳಲೇ ಇಲ್ಲ."

ಭಾವ ತುತ್ತು ಕೆಳಗಿಟ್ಟರು. ಕದ್ದದ್ದು ಡೇರೆಯವರಲ್ಲ. ನಮ್ಮ ಬೀದಿಯ, ನಮ್ಮ ಮನೆಯಲ್ಲಿ ಉಂಡು ಬೆಳೆದ ಹುಡುಗ. ಕ್ರಿಕೆಟ್ ಬೆಟ್ಟಿಂಗಿನ ಸಾಲ ತೀರಿಸಲು ಕದ್ದು ಬೇರೆ ಊರಿನಲ್ಲಿ ಮಾರಿದ್ದ. ಅಟ್ಟದ ಬೀಗದ ಕೈ ಎಲ್ಲಿರುತ್ತದೆಂದು ಅವನಿಗೆ ಗೊತ್ತಿತ್ತು. ಅಷ್ಟರೊಳಗೆ ಡೇರೆಯ ಇಬ್ಬರು ಗಂಡಸರನ್ನು ಎರಡು ದಿನ ವಿಚಾರಣೆಗೆ ಕೂರಿಸಿದ್ದಾಗಿತ್ತು. "ಹುಡುಗನ ಭವಿಷ್ಯ ಹಾಳಾಗಬಾರದು ಅಂತ ನಾನೇ ಕೇಸು ಬೇಡ ಅಂದೆ" ಎಂದರು ಭಾವ.

"ಡೇರೆಯವರ ಮಕ್ಕಳ ಭವಿಷ್ಯ?" ಎಂದಳು ಮಗಳು. ಅವಳ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು.

ಇದು ಒಬ್ಬ ಭಾವನ ತಪ್ಪಲ್ಲ. ಇಟಲಿಯ ಚೇಸರೆ ಲೊಂಬ್ರೋಸೊ ೧೮೭೬ರಲ್ಲಿ, ಕೆಲವರು ಹುಟ್ಟಿನಿಂದಲೇ ಅಪರಾಧಿಗಳು, ತಲೆಬುರುಡೆ ದವಡೆಗಳ ಅಳತೆಯಲ್ಲೇ ಅದು ತಿಳಿಯುತ್ತದೆ ಎಂದು ಬರೆದ. ವಿದ್ವಾಂಸರು ಆ ಮಾತನ್ನು ಎಂದೋ ತಳ್ಳಿಹಾಕಿದರು. ಅದಕ್ಕೂ ಮೊದಲೇ, ೧೮೭೧ರಲ್ಲಿ, ಬ್ರಿಟಿಷ್ ಸರ್ಕಾರ ಇಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತ್ತು. ಒಂದು ಜಾತಿಯಲ್ಲಿ ಹುಟ್ಟಿದ್ದೇ ಅಪರಾಧವಾಯಿತು. ಹಾಜರಿ, ಕಾವಲು, ಬೇಲಿ ಹಾಕಿದ ವಸತಿ ಎಲ್ಲ ಬಂದವು. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಎಂಬ ಬಡಾವಣೆಯ ಹೆಸರು ಇಂದಿಗೂ ಆ ದಿನಗಳ ಗುರುತು. ಕಾಯ್ದೆ ರದ್ದಾದದ್ದು ೧೯೫೨ರಲ್ಲಿ. ಜೈಲು ಕೈಪಿಡಿಗಳಲ್ಲಿ ಉಳಿದಿದ್ದ ಇಂಥ ಜಾತಿ ಆಧಾರಿತ ನಿಯಮಗಳನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು ೨೦೨೪ರ ಅಕ್ಟೋಬರಿನಲ್ಲಿ. ಕಾಗದದಲ್ಲಿ ಹೋದದ್ದು ಮನಸ್ಸಿನಿಂದ ಹೋಗಲು ಎಷ್ಟು ಕಾಲ ಬೇಕೋ!

ಮಲ್ಲಿಕಾಫರ್ ಎಂದು ಒಂದೇ ಹೆಸರು ಹೇಳಿ ಮುಂದೆ ನಡೆದ ಗೈಡಿಗೂ, ಡೇರೆಯವರು ಎಂದು ಬೆರಳು ತೋರಿಸಿದ ನಮಗೂ ವ್ಯತ್ಯಾಸವೇನು ಎಂದು ನಾನು ಯೋಚಿಸುತ್ತ ಕೂತೆ. ಒಗ್ಗರಣೆಯ ಕಡಲೆಬೇಳೆ ಹಲ್ಲಿಗೆ ಸಿಕ್ಕಿದ್ದೂ ತಿಳಿಯಲಿಲ್ಲ.

ಬೇಲೂರಿನ ಸಹಿಗಳು

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರ್. ೧೧೧೭ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿದ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ೨೦೨೩ರ ಸೆಪ್ಟೆಂಬರ್ ೧೮ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಕ್ಕ ಹರಕೆ ತೀರಿಸಲು ಒಳಗೆ ಹೋದಳು. ನಾವು ಮೂವರು ಮದನಿಕೆಯರ ಕೆಳಗೆ ನಿಂತೆವು.

ಹೊಯ್ಸಳ ಶಿಲ್ಪಿಗಳ ವಿಶೇಷವೆಂದರೆ ಅವರು ಹೆಸರು ಕೆತ್ತುತ್ತಿದ್ದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಸಿಗುತ್ತವೆ. ಸೋಮನಾಥಪುರದ ಮಲ್ಲಿತಮ್ಮನ ಹೆಸರು ಹಲವು ಗುಡಿಗಳಲ್ಲಿ ಬರುತ್ತದೆ. ಸಹಿ ಇದ್ದ ಶಿಲ್ಪದೊಡನೆ ಸಹಿ ಇಲ್ಲದ್ದನ್ನು ಹೋಲಿಸಿ, ಇದು ಯಾರ ಕೈ ಎಂದು ಕಲಾವಿಮರ್ಶಕರು ಹೇಳುತ್ತಾರೆ. ಕೈಬರಹ ತಜ್ಞರು ಮಾಡುವುದೂ ಗೊತ್ತಿರುವುದರೊಡನೆ ಗೊತ್ತಿಲ್ಲದ್ದರ ಹೋಲಿಕೆಯನ್ನೇ. ಬೆರಳಚ್ಚಿನ ದಫ್ತರವನ್ನು ಮೊದಲು ತೆರೆದ ಊರು ಕೂಡ ಲಂಡನ್ನಲ್ಲ, ನಮ್ಮ ಕಲ್ಕತ್ತ, ೧೮೯೭ರಲ್ಲಿ.

ಗುರುತು ದಾಖಲಾಗಿದ್ದರೆ ಕಳೆದದ್ದೂ ಮನೆಗೆ ಬರುತ್ತದೆ. ತಮಿಳುನಾಡಿನ ಶ್ರೀಪುರಂದಾನ್ ಎಂಬ ಹಳ್ಳಿಯ ನಟರಾಜ ಕಳುವಾಗಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಗೆ ಸೇರಿತ್ತು. ಅದು ೨೦೧೪ರಲ್ಲಿ ಹಿಂದಿರುಗಲು ನೆರವಾದದ್ದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಎಂದೋ ತೆಗೆದಿಟ್ಟಿದ್ದ ಫೋಟೋ. ಇಂದಿನ ಕಾನೂನಿನಲ್ಲಿ ಪೂಜಾಸ್ಥಳದ ವಿಗ್ರಹ ಕದ್ದರೆ ಏಳು ವರ್ಷದವರೆಗೆ ಶಿಕ್ಷೆಯುಂಟು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ಅಷ್ಟು ತಜ್ಞರು ಬೇಕಾದರೆ ಯಾರ ಮನೆಯ ಮಕ್ಕಳಾದರೂ ಓದಲೇಬೇಕಲ್ಲ!

ಶಾಸನವೊಂದರ ಮುಂದೆ ಭಾವ ನಿಂತರು. ದತ್ತಿ ಶಾಸನಗಳ ಕೊನೆಗೆ, ಇದನ್ನು ಕೆಡಿಸಿದವನಿಗೆ ಗೋಹತ್ಯೆಯ ಪಾಪ, ಹುಳುವಾಗಿ ಹುಟ್ಟುವ ಶಾಪ ಎಂದು ಬರೆಯುವ ಪದ್ಧತಿ ಇತ್ತು. ಭಯದಿಂದ ಅಪರಾಧ ತಡೆಯುವ ಹಳೆಯ ಯತ್ನ ಅದು. ೧೭೬೪ರಲ್ಲಿ ಇಟಲಿಯ ಬೆಕ್ಕಾರಿಯ, ಶಿಕ್ಷೆ ಘೋರವಾಗಿರುವುದಕ್ಕಿಂತ ತಪ್ಪದೆ ಆಗುವುದು ಮುಖ್ಯ ಎಂದು ವಾದಿಸಿದ. ಭಾವ ತಲೆದೂಗಿದರು. "ನಿಜ. ಶಾಪಕ್ಕೆ ಹೆದರಿ ಕೆರೆ ಒತ್ತುವರಿ ಬಿಟ್ಟವನನ್ನು ನಾನಂತೂ ನೋಡಿಲ್ಲ. ಸರ್ವೆಯವರು ಬರ್ತಾರೆ ಅಂದ್ರೆ ಮಾತ್ರ ಬೇಲಿ ಹಿಂದೆ ಸರಿಯುತ್ತೆ."

ಓದಬಯಸುವವರಿಗೆ

ಇಲ್ಲಿ ವಿದ್ಯಾರ್ಥಿಗಳಿಗೂ ಪೋಷಕರಿಗೂ ಉಪಯೋಗವಾಗುವ ಕೆಲವು ಮಾತು. ಮೈಸೂರು ವಿಶ್ವವಿದ್ಯಾಲಯದ ಮಹಾರಾಜ ಕಾಲೇಜಿನಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ಮಂಗಳೂರಿನ ರೋಶನಿ ನಿಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗಗಳಿವೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೂ ಅಪರಾಧಶಾಸ್ತ್ರವಿದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ಸಿಗೆ ೨೦೨೩ರ ಜನವರಿಯಲ್ಲಿ ಅಡಿಗಲ್ಲು ಹಾಕಲಾಯಿತು.

ಸೇರುವ ಮೊದಲು ಪದವಿ ಎಂ.ಎ.ಯೋ ಎಂ.ಎಸ್ಸಿ.ಯೋ ವಿಚಾರಿಸಿ. ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ಪ್ರಯೋಗಾಲಯದಂಥ ಕಡೆ ವಿಜ್ಞಾನದ ಹಿನ್ನೆಲೆ ಬೇಕಾಗುತ್ತದೆ. ಕಲಾ ವಿಭಾಗದವರಿಗೆ ಆ ಬಾಗಿಲು ತೆರೆಯುವುದು ಕಷ್ಟ. ಅವರಿಗೆ ಪರಿವೀಕ್ಷಣಾಧಿಕಾರಿ, ಕಾರಾಗೃಹ, ಬಾಲನ್ಯಾಯ, ಮಕ್ಕಳ ರಕ್ಷಣೆ, ನೊಂದವರ ನೆರವು, ಅಧ್ಯಾಪನ ಇಂಥ ದಾರಿಗಳಿವೆ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಅಪರಾಧಶಾಸ್ತ್ರ ಒಂದು ವಿಷಯ. ಸಬ್ ಇನ್‌ಸ್ಪೆಕ್ಟರ್ ಆಗಬೇಕಾದರೆ ಈ ಪದವಿಯೊಂದೇ ಸಾಲದು, ಅದರ ಪರೀಕ್ಷೆ, ದೇಹದಾರ್ಢ್ಯ ಬೇರೆ. ಯಾವ ಹುದ್ದೆಗೆ ಯಾವ ಪದವಿ ಎಂಬುದನ್ನು ನೇಮಕಾತಿ ಅಧಿಸೂಚನೆಯಲ್ಲೇ ಓದಿ. ಓದು ಮುಗಿದ ಕೂಡಲೇ ಕೆಲಸ ಎಂದು ಹೇಳುವವರನ್ನು ನಂಬಬೇಡಿ. ಸಿನಿಮಾ ನೋಡಿ ಈ ಓದಿಗೆ ಬಂದವರಿಗೆ ಅಂಕಿಅಂಶ, ಕಾನೂನು, ವರದಿ ಬರೆಯುವುದು ಬೇಸರ ತರಬಹುದು. ಪ್ರಶ್ನೆ ಕೇಳುವ ಚಟ ಇದ್ದವರಿಗೆ ಬೇಸರವಾಗದು.

ಅರಸೀಕೆರೆಗೆ ಮರಳುವಾಗ ಸಂಜೆಯಾಗಿತ್ತು. ಕೆರೆಯ ಹತ್ತಿರ ಭಾವ ಕಾರು ನಿಲ್ಲಿಸಿ ಇಳಿದರು. ಡೇರೆಗಳಿದ್ದ ಜಾಗದಲ್ಲಿ ಒಲೆಯ ಮೂರು ಕಲ್ಲು, ಮಸಿಯ ಗುರುತು ಬಿಟ್ಟರೆ ಏನೂ ಇರಲಿಲ್ಲ. ಐದು ನಿಮಿಷ ಅಲ್ಲೇ ನಿಂತಿದ್ದರು. ನಾವು ಯಾರೂ ಮಾತಾಡಲಿಲ್ಲ.

"ಹೋಗಿ ಹೇಳೋಣ ಅಂದ್ಕೊಂಡೇ ಒಂದು ವರ್ಷ ಆಯ್ತು" ಎಂದರು, ಯಾರಿಗೆಂದು ಇಲ್ಲದೆ.

ರಾತ್ರಿ ಊಟಕ್ಕೆ ಕೂತಾಗ ಮಗಳನ್ನು ಕೇಳಿದರು. "ಮೈಸೂರಿನ ಅರ್ಜಿಗೆ ಕೊನೇ ದಿನ ಯಾವತ್ತಮ್ಮ?"

ಅವಳು ಹೇಳಿದಳು.

"ನಾನೂ ಬರ್ತೀನಿ. ಹಾಸ್ಟೆಲ್ ಹೇಗಿದೆ ನೋಡ್ಬೇಕು" ಎಂದು ಭಾವ ಮಜ್ಜಿಗೆಗೆ ಕೈ ಚಾಚಿದರು. ಗಂಡಿನ ಕಡೆಯವರ ಮಾತು ಆ ರಾತ್ರಿ ಬರಲಿಲ್ಲ.